ಬೀಗದ ಒಳಗಿಂದ ಸಾವು ಕೇಳಿದರೆ

ಸಾಗರ ದಾಟಿ, ಜೋಗದ ಪಕ್ಕದಲ್ಲಿ ಹಾದು ಗೇರುಸೊಪ್ಪ ಘಾಟಿ ಇಳಿದರೆ ಹೊನ್ನಾವರ. ಅಲ್ಲಿಂದ ಕುಮಟಾ ಕಡೆ ಸ್ವಲ್ಪ ದೂರ ಹೋದರೆ ಹಳದೀಪುರ. ನಮ್ಮ ದೇಶದ ದಯಾಮರಣದ ಕಾನೂನಿನ ಕತೆ ಹೇಳಬೇಕಂದ್ರೆ ಈ ಊರಿನಿಂದಲೇ ಶುರು ಮಾಡಬೇಕು.

ಅರುಣಾ ಶಾನಭಾಗ್ ಈ ಊರಿನವರು. ನರ್ಸ್ ಆಗಬೇಕು ಅಂತ ಮುಂಬೈಗೆ ಹೋದರು. ಕೆಇಎಂ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಒಬ್ಬ ಕೆಲಸಗಾರ ನಾಯಿ ಕಟ್ಟುವ ಸರಪಳಿಯನ್ನು ಅವರ ಕುತ್ತಿಗೆಗೆ ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ರಕ್ತ ಹೋಗದೆ ಅರುಣಾ ಹಾಸಿಗೆ ಹಿಡಿದರು. ಮತ್ತೆ ಏಳಲಿಲ್ಲ. 2015ರ ಮೇ 18ರಂದು ನ್ಯುಮೋನಿಯಾ ಬಂದು ತೀರಿಕೊಂಡರು. ನಡುವೆ ಹತ್ತಿರ ಹತ್ತಿರ 42 ವರ್ಷ. ಅಷ್ಟೂ ವರ್ಷ ಆ ಆಸ್ಪತ್ರೆಯ ನರ್ಸ್‌ಗಳೇ ಪಾಳಿ ಹಾಕಿಕೊಂಡು ಅವರನ್ನು ಮಗುವಿನ ಹಾಗೆ ನೋಡಿಕೊಂಡರು.

ಅವರಿಗೆ ಕೊಡುತ್ತಿರುವ ಆಹಾರ ನಿಲ್ಲಿಸಿ, ಸಾಯಲು ಬಿಡಿ ಅಂತ ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. 2011ರ ಮಾರ್ಚ್ 7ರಂದು ಕೋರ್ಟು ಆ ಅರ್ಜಿ ತಳ್ಳಿಹಾಕಿತು. ಆದರೆ ಅದೇ ತೀರ್ಪಿನಲ್ಲಿ, ಹೈಕೋರ್ಟಿನ ಅನುಮತಿ ಪಡೆದು ಇಂಥ ರೋಗಿಯ ಚಿಕಿತ್ಸೆ ನಿಲ್ಲಿಸಬಹುದು ಅಂತ ಮೊದಲ ಸಲ ದಾರಿ ತೋರಿಸಿತು. ಅರುಣಾಗೆ ಸಿಗದೇ ಹೋದದ್ದು ಅವರ ಹೆಸರಿನ ತೀರ್ಪಿನಿಂದ ಬೇರೆಯವರಿಗೆ ಸಿಕ್ಕಿತು.

ಹಲ್ಲೆ ಮಾಡಿದವನೋ, 7 ವರ್ಷದ ಶಿಕ್ಷೆ ಮುಗಿಸಿ ಹೊರಗೆ ಬಂದ.

ಈ ಕತೆ ಹೇಳಿದಾಗೆಲ್ಲ ಕೇಳಿದವರ ಕಣ್ಣು ಕೆಂಪಾಗುತ್ತದೆ. ನನಗೂ ಹಾಗೇ. ಆದ್ದರಿಂದ ಈಗ ನಾನು ಹೇಳಹೊರಟ ವಿಷಯ ಸುಲಭದ್ದಲ್ಲ. ಜೈಲಿನಲ್ಲಿ ಇರುವ ಮನುಷ್ಯ, ಅವನು ಎಂಥ ತಪ್ಪೇ ಮಾಡಿರಲಿ, ವಾಸಿಯಾಗದ ಕಾಯಿಲೆಗೆ ಬಿದ್ದು "ನನ್ನನ್ನು ಸಾಯಲು ಬಿಡಿ" ಅಂದರೆ ಏನು ಮಾಡಬೇಕು? ನಮ್ಮೂರ ಅಂಗಡಿ ಕಟ್ಟೆಯಲ್ಲಿ ಕೂತು ಕೇಳಿದರೆ ಎರಡು ಉತ್ತರ ಬರುತ್ತವೆ. ಒಬ್ಬರು, "ಅಷ್ಟು ಸುಲಭಕ್ಕೆ ಯಾಕೆ ಬಿಡ್ಬೇಕು, ಅಲ್ಲೇ ಕೊಳೀಲಿ ಮಾರಾಯ" ಅನ್ನುತ್ತಾರೆ. ಪಕ್ಕದವರು, "ಸರ್ಕಾರದ ಅನ್ನ ತಿಂದ್ಕೊಂಡು ಇರೋ ಬದ್ಲು ಹೋಗ್ಲಿ ಬಿಡಿ" ಅನ್ನುತ್ತಾರೆ. ಎರಡೂ ಒಂದಕ್ಕೊಂದು ಉಲ್ಟಾ ಮಾತು. ಆದರೆ ಕಾಯಿಲೆ ಬಿದ್ದವನಿಗೆ ಏನು ಬೇಕು, ಯಾಕೆ ಬೇಕು ಅಂತ ಇಬ್ಬರೂ ಕೇಳುವುದಿಲ್ಲ.

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ದಯಾಮರಣ ಅನ್ನುವ ಒಂದೇ ಪದದ ಒಳಗೆ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ತುರುಕಿಬಿಟ್ಟಿದ್ದೇವೆ. ವೆಂಟಿಲೇಟರ್, ಮೂಗಿನ ನಳಿಕೆ, ಡಯಾಲಿಸಿಸ್ ಇಂಥವನ್ನು ನಿಲ್ಲಿಸಿ, ಕಾಯಿಲೆ ತನ್ನ ದಾರಿಯಲ್ಲಿ ಹೋಗಲು ಬಿಡುವುದು ಒಂದು. ಡಾಕ್ಟರೇ ಇಂಜೆಕ್ಷನ್ ಕೊಟ್ಟು ಪ್ರಾಣ ತೆಗೆಯುವುದು ಇನ್ನೊಂದು. ಡಾಕ್ಟರ್ ಔಷಧಿ ಬರೆದುಕೊಟ್ಟು, ರೋಗಿ ತಾನೇ ಕುಡಿಯುವುದು ಮೂರನೆಯದು. ಭಾರತದಲ್ಲಿ ಮೊದಲನೆಯದಕ್ಕೆ ಮಾತ್ರ ಅವಕಾಶ ಇದೆ. ಉಳಿದ ಎರಡೂ ಅಪರಾಧ, ಜೈಲಿನ ಒಳಗಿದ್ದರೂ ಅಷ್ಟೇ, ಹೊರಗಿದ್ದರೂ ಅಷ್ಟೇ. ಬೆಲ್ಜಿಯಂ, ಸ್ಪೇನ್, ಕೆನಡಾದಲ್ಲಿ ಷರತ್ತುಗಳ ಮೇಲೆ ಡಾಕ್ಟರ್ ಇಂಜೆಕ್ಷನ್ ಕೊಡಬಹುದು. ಸ್ವಿಟ್ಜರ್ಲೆಂಡಿನಲ್ಲಿ ರೋಗಿ ತಾನೇ ತೆಗೆದುಕೊಳ್ಳಬೇಕು, ನೆರವಾದವರಿಗೆ ಅದರಲ್ಲಿ ಸ್ವಾರ್ಥ ಇರಬಾರದು.

ಮೊದಲನೆಯದು ಮಲೆನಾಡಿನವರಿಗೆ ಹೊಸದೇನಲ್ಲ. ನಮ್ಮ ಕಡೆ ದೊಡ್ಡ ಕಾಯಿಲೆ ಅಂದರೆ ಮಣಿಪಾಲ. ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಯಾವ ಮನೆಯಲ್ಲಿ ಕೇಳಿದರೂ ಘಾಟಿ ಇಳಿದು ಹೋದ ಒಂದು ಕತೆ ಇರುತ್ತದೆ. ಕೆಲವು ಸಲ ಹತ್ತು ಹದಿನೈದು ದಿನದ ಮೇಲೆ ಡಾಕ್ಟರ್ ಮನೆಯವರನ್ನು ಪಕ್ಕಕ್ಕೆ ಕರೆದು, "ಇನ್ನು ಮನೆಗೆ ಕರ್ಕೊಂಡು ಹೋಗಿ, ಬೇಕಾದವ್ರು ನೋಡ್ಕೊಳ್ಲಿ" ಅನ್ನುತ್ತಾರೆ. ಕಾಗದಕ್ಕೆ ಸಹಿ ಹಾಕಿ, ಆಂಬುಲೆನ್ಸ್ ಮಾಡಿಕೊಂಡು, ಮತ್ತೆ ಘಾಟಿ ಹತ್ತುತ್ತಾರೆ. ಜಗಲಿಯಲ್ಲಿ ಹಾಸಿಗೆ ಹಾಸುತ್ತಾರೆ. ದೂರದ ಮಗಳು ಬರುವವರೆಗೆ ಕಾಯುತ್ತಾರೆ. ಬಾಯಿಗೆ ನೀರು ಬಿಡುತ್ತಾರೆ. ಇದನ್ನು ಯಾರೂ ದಯಾಮರಣ ಅನ್ನುವುದಿಲ್ಲ, ಕೋರ್ಟಿಗೂ ಹೋಗುವುದಿಲ್ಲ. ಮನೆಗೆ ಕರೆತಂದೆವು ಅನ್ನುತ್ತಾರೆ, ಅಷ್ಟೇ.

ಕೈದಿಗೆ ಇಲ್ಲದಿರುವುದು ಈ "ಮನೆಗೆ ಕರೆತಂದೆವು" ಅನ್ನುವ ಮಾತೇ.

ಇದು ನನಗೆ ಗೊತ್ತಾಗಿದ್ದು ಪುಸ್ತಕದಿಂದ ಅಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ದೊಡ್ಡಪ್ಪನ ಜೊತೆ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಆರು ರಾತ್ರಿ ಕೂತಿದ್ದೆ. ಪಕ್ಕದ ಮಂಚದಲ್ಲಿ ಅರವತ್ತರ ಹತ್ತಿರದ ಒಬ್ಬರು. ಲಿವರ್ ಕ್ಯಾನ್ಸರ್. ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾಗಿತ್ತು. ಬಲಗಾಲಿಗೆ ಒಂದು ಸರಪಳಿ, ಅದರ ಇನ್ನೊಂದು ತುದಿ ಮಂಚದ ಕಾಲಿಗೆ. ಸರಪಳಿ ಉಜ್ಜಿ ಗಾಯ ಆಗಬಾರದು ಅಂತ ಯಾರೋ ಮಧ್ಯೆ ಬ್ಯಾಂಡೇಜ್ ಬಟ್ಟೆ ಸುತ್ತಿದ್ದರು. ಅವರು ಮಗ್ಗುಲು ಬದಲಿಸಿದಾಗ ಕಬ್ಬಿಣ ಸಣ್ಣಗೆ ಸದ್ದು ಮಾಡುತ್ತಿತ್ತು. ರಾತ್ರಿ ವಾರ್ಡು ಮಲಗಿದ ಮೇಲೆ ಆ ಸದ್ದು ಚೆನ್ನಾಗಿ ಕೇಳಿಸುತ್ತಿತ್ತು. ಕಾವಲಿಗೆ ಇಬ್ಬರು ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಪೊಲೀಸರು. ಅವರೂ ಪಾಪದವರೇ, ಒಬ್ಬರು ಬೆಳಿಗ್ಗೆ ತಮ್ಮ ದುಡ್ಡಲ್ಲೇ ಅವರಿಗೆ ಹಾಲು ತಂದುಕೊಡುತ್ತಿದ್ದರು.

ಗದ್ದೆ ಬದುವಿನ ಜಗಳದಲ್ಲಿ ದಾಯಾದಿಯ ಮೇಲೆ ಕತ್ತಿ ಬೀಸಿದ ಕೇಸು. ದಾಯಾದಿ ಬದುಕಿದ್ದಾರೆ, ಒಂದು ಕೈ ಸರಿಯಾಗಿಲ್ಲ. ಕೇಸು ಇನ್ನೂ ನಡೆಯುತ್ತಿತ್ತು. ಅಂದರೆ ಶಿಕ್ಷೆ ಆಗಿರಲಿಲ್ಲ, ಅವರು ವಿಚಾರಣಾಧೀನ ಕೈದಿ. ಮೂರನೇ ರಾತ್ರಿ ನನ್ನ ಕಡೆ ತಿರುಗಿ, "ತಮ್ಮಾ, ಇವ್ರು ಒಂದ್ ಇಂಜೆಕ್ಷನ್ ಕೊಟ್ಟು ಕಳಿಸ್ಬಿಡೋಕೆ ಆಗಲ್ವಾ?" ಅಂತ ಕೇಳಿದರು. ಏನು ಹೇಳಬೇಕೋ ತೋಚಲಿಲ್ಲ. "ಹಂಗೆಲ್ಲ ಅನ್ಬಾರ್ದು ಅಣ್ಣ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಾಂದ್ರೆ ಮನೆಗಾದ್ರೂ ಕಳಿಸ್ಲಿ" ಅಂದರು.

ಈ ಎರಡು ಮಾತುಗಳನ್ನು ನಾನು ಆಮೇಲೆ ತುಂಬಾ ಸಲ ಯೋಚಿಸಿದ್ದೇನೆ. ಮೊದಲನೆಯದು ಸಾವಿನ ಬೇಡಿಕೆ. ಎರಡನೆಯದು ಮನೆಯ ಬೇಡಿಕೆ. ಎರಡನೆಯದು ಸಿಕ್ಕಿದ್ದರೆ ಮೊದಲನೆಯದನ್ನು ಕೇಳುತ್ತಿದ್ದರಾ? ಕೈದಿಗಳ ದಯಾಮರಣದ ಬಗ್ಗೆ ಇಡೀ ಜಗತ್ತಿನಲ್ಲಿ ನಡೆಯುತ್ತಿರುವ ವಾದದ ಗಂಟು ಇಲ್ಲೇ ಇದೆ.

ದಯಾಮರಣ ಒಪ್ಪುವ ಎಲ್ಲ ದೇಶಗಳಲ್ಲೂ ಒಂದು ಷರತ್ತು ಸಾಮಾನ್ಯ: ರೋಗಿ ಸ್ವಂತ ಇಚ್ಛೆಯಿಂದ ಕೇಳಬೇಕು, ಯಾರ ಒತ್ತಾಯವೂ ಇರಬಾರದು. ಆದರೆ ಜೈಲು ಅನ್ನುವುದೇ ಒತ್ತಾಯದ ಜಾಗ. ಎದ್ದೇಳುವ ಹೊತ್ತು, ಊಟದ ಹೊತ್ತು, ಯಾವ ಡಾಕ್ಟರ್, ಯಾವಾಗ ಡಾಕ್ಟರ್, ಹೆಂಡತಿಯ ಮುಖ ಎಷ್ಟು ನಿಮಿಷ, ಎಲ್ಲವನ್ನೂ ಬೇರೆಯವರು ತೀರ್ಮಾನ ಮಾಡುತ್ತಾರೆ. ಅಂಥ ಕಡೆ ಹುಟ್ಟಿದ ಇಚ್ಛೆಯನ್ನು ಸ್ವಂತದ್ದು ಅನ್ನಬಹುದಾ? ಇಲ್ಲ ಅಂತ ಒಂದೇ ಏಟಿಗೆ ಹೇಳಿದರೂ ಕಷ್ಟ. ಹಾಗಂದರೆ ಕೈದಿಗೆ ತನ್ನ ದೇಹದ ಮೇಲೆ ಮಾತೇ ಇಲ್ಲ ಅಂದಂತಾಯಿತು. ಆಪರೇಷನ್ ಬೇಡ ಅನ್ನುವ ಹಕ್ಕೂ ಹೋಯಿತು.

ಬೆಲ್ಜಿಯಂನಲ್ಲಿ ಆಗಿದ್ದನ್ನು ನೋಡಿ. 2002ರಿಂದ ಅಲ್ಲಿ ದಯಾಮರಣಕ್ಕೆ ಕಾನೂನು ಇದೆ. ದೇಹದ ಕಾಯಿಲೆಗೆ ಮಾತ್ರ ಅಲ್ಲ, ತಡೆಯಲಾಗದ, ವಾಸಿಯಾಗದ ಮಾನಸಿಕ ನೋವಿಗೂ ಕೇಳಬಹುದು. ಫ್ರಾಂಕ್ ವಾನ್ ಡೆನ್ ಬ್ಲೀಕೆನ್ ಅನ್ನುವವನು ಅತ್ಯಾಚಾರ, ಕೊಲೆ ಮಾಡಿ ಸುಮಾರು 30 ವರ್ಷ ಒಳಗಿದ್ದ. ಮಾನಸಿಕ ರೋಗಿ ಅಂತ ತೀರ್ಮಾನವಾಗಿದ್ದರಿಂದ ಅವನಿಗೆ ಶಿಕ್ಷೆಯ ಬದಲು ಚಿಕಿತ್ಸೆ ಸಿಗಬೇಕಿತ್ತು. ಆದರೆ ಇಟ್ಟಿದ್ದು ಮಾಮೂಲಿ ಜೈಲಿನಲ್ಲಿ. ಹೊರಗೆ ಬಿಟ್ಟರೆ ಮತ್ತೆ ತಪ್ಪು ಮಾಡುತ್ತೇನೆ ಅಂತ ಅವನೇ ಒಪ್ಪಿಕೊಂಡಿದ್ದ. ನನ್ನಂಥವರಿಗೆ ಚಿಕಿತ್ಸೆ ಕೊಡುವ ಕೇಂದ್ರ ನೆದರ್ಲೆಂಡ್ಸಿನಲ್ಲಿದೆ, ಅಲ್ಲಿಗೆ ಕಳಿಸಿ ಅಂತ ಕೇಳಿದ. ಅದು ಆಗಲಿಲ್ಲ. ಹಾಗಾದರೆ ಸಾವನ್ನಾದರೂ ಕೊಡಿ ಅಂದ. 2014ರಲ್ಲಿ ಒಪ್ಪಿಗೆ ಸಿಕ್ಕಿತು. 2015ರ ಜನವರಿ 11 ಅಂತ ದಿನವೂ ಗೊತ್ತಾಯಿತು.

ಐದು ದಿನ ಉಳಿದಿರುವಾಗ ಡಾಕ್ಟರು ಹಿಂದೆ ಸರಿದರು. ಕಾನೂನು ಮಂತ್ರಿ ಅದನ್ನು ಪ್ರಕಟಿಸಿದರು. ಆಮೇಲೆ ಏನಾಯಿತು ಗೊತ್ತಾ? ಅವನನ್ನು ಗೆಂಟ್ ಊರಿನ ಮಾನಸಿಕ ಚಿಕಿತ್ಸೆಯ ಕೇಂದ್ರಕ್ಕೆ ಕಳಿಸುವ ಏರ್ಪಾಡಾಯಿತು. ಮೂವತ್ತು ವರ್ಷ ತೆರೆಯದ ಬಾಗಿಲು, ಸಾವಿನ ತಾರೀಕು ಗೊತ್ತಾದ ಮೇಲೆ ತೆರೆಯಿತು. ಮಾನಸಿಕ ರೋಗಿಗಳನ್ನು ಚಿಕಿತ್ಸೆ ಇಲ್ಲದೆ ಜೈಲಿನಲ್ಲಿ ಇಡುತ್ತಿದ್ದೀರಿ ಅಂತ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಬೆಲ್ಜಿಯಂಗೆ ಒಂದಲ್ಲ, ಹಲವು ಸಲ ಛೀಮಾರಿ ಹಾಕಿದೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪಾಠ ಬೇರೆ ಇಲ್ಲ.

ಅದೇ ದೇಶದಲ್ಲಿ ಇನ್ನೊಂದು ಪ್ರಕರಣವೂ ಇದೆ. 2007ರ ಫೆಬ್ರವರಿ 28ರಂದು ಒಬ್ಬ ತಾಯಿ ತನ್ನ ಐದು ಮಕ್ಕಳನ್ನೂ ಕೊಂದಳು. ಜೀವಾವಧಿ ಶಿಕ್ಷೆಯಾಯಿತು. ಆಮೇಲೆ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. 2023ರಲ್ಲಿ ಅದೇ ಫೆಬ್ರವರಿ 28ರಂದು ಅವಳ ಕೋರಿಕೆಯ ಮೇಲೆ ದಯಾಮರಣ ಕೊಟ್ಟರು. ಅವಳು ಹದಿನಾರು ವರ್ಷ ಹೊತ್ತಿದ್ದ ನೋವು ಸುಳ್ಳು ಅಂತ ನಾನು ಹೇಳಲಾರೆ. ಆದರೆ ಆ ದಿನವನ್ನು ನೋಡಿದರೆ, ಅದು ಕಾಯಿಲೆಯ ಬೇಡಿಕೆಯೋ, ತನಗೆ ತಾನೇ ವಿಧಿಸಿಕೊಂಡ ಶಿಕ್ಷೆಯೋ ಅಂತ ಎದೆ ಹಿಂಡುತ್ತದೆ. ಬೆಲ್ಜಿಯಂ ಮರಣದಂಡನೆ ತೆಗೆದುಹಾಕಿದ ದೇಶ ಅನ್ನುವುದನ್ನೂ ನೆನಪಿಡಿ.

ನಮ್ಮ ದೇಶ ಅದನ್ನು ತೆಗೆದುಹಾಕಿಲ್ಲ. ಶಿಕಾರಿಪುರದ ಈಸೂರಿನವರಿಗೆ ಸರ್ಕಾರ ಕೊಡುವ ಸಾವು ಎಂದರೇನು ಅಂತ ಯಾರೂ ಹೇಳಿಕೊಡಬೇಕಿಲ್ಲ. 1942ರ ಹೋರಾಟಕ್ಕೆ 1943ರಲ್ಲಿ ಆ ಒಂದೇ ಊರಿನ ಐವರನ್ನು ಗಲ್ಲಿಗೇರಿಸಿದರು. ಸೆರೆಯಲ್ಲಿ ಇಟ್ಟವರೇ ಸಾವನ್ನೂ ಕೊಡುವಾಗ, ಅದಕ್ಕೆ ದಯೆ ಅಂತ ಹೆಸರಿದ್ದರೂ ಒಂದು ಸಲ ನಿಂತು ನೋಡಬೇಕು ಅನ್ನುವುದು ಇದಕ್ಕೇ.

ಸ್ಪೇನಿನ ಪ್ರಕರಣ ಬೇರೆ ಥರದ್ದು. ಅಲ್ಲಿ ಕಾನೂನು ಜಾರಿಯಾಗಿದ್ದು 2021ರ ಜೂನ್‌ನಲ್ಲಿ. ಅದೇ ವರ್ಷ ಡಿಸೆಂಬರಿನಲ್ಲಿ ತಾರಗೋನಾದಲ್ಲಿ ಯೂಜೆನ್ ಸಬಾವ್ ಅನ್ನುವ ಸೆಕ್ಯುರಿಟಿ ಗಾರ್ಡ್ ತಾನು ಕೆಲಸ ಮಾಡುತ್ತಿದ್ದ ಕಚೇರಿಗೆ ನುಗ್ಗಿ ಗುಂಡು ಹಾರಿಸಿದ. ಗಾಯಗೊಂಡವರಲ್ಲಿ ಒಬ್ಬ ಪೊಲೀಸೂ ಇದ್ದರು. ಪೊಲೀಸರ ಗುಂಡಿಗೆ ಇವನ ಬೆನ್ನುಹುರಿ ಹೋಯಿತು. ಒಂದು ಕಾಲನ್ನೂ ಕತ್ತರಿಸಬೇಕಾಯಿತು. ತಡೆಯಲಾಗದ ನೋವು. ದಯಾಮರಣ ಕೇಳಿದ. ಮೊದಲು ವಿಚಾರಣೆ ಮುಗಿಯಲಿ, ನಮಗೆ ನ್ಯಾಯ ಸಿಗಲಿ ಅಂತ ಗುಂಡೇಟು ತಿಂದವರು ಕೋರ್ಟು ಕೋರ್ಟು ಅಲೆದರು. ಯಾವ ಕೋರ್ಟೂ ತಡೆಯಲಿಲ್ಲ. 2022ರ ಆಗಸ್ಟ್ 23ರಂದು ಅವನು ತೀರಿಕೊಂಡ. ವಿಚಾರಣೆ ನಡೆಯಲೇ ಇಲ್ಲ.

ಗುಂಡೇಟು ತಿಂದವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅರುಣಾರ ಕತೆ ಗೊತ್ತಿರುವವರಿಗೆ ಅರ್ಥವಾಗದೆ ಇರುತ್ತದಾ? ಕಟಕಟೆಯಲ್ಲಿ ಅವನನ್ನು ನೋಡಬೇಕು, "ನೀನು ಮಾಡಿದ್ದು ಇದು" ಅಂತ ಕೋರ್ಟು ಹೇಳುವುದನ್ನು ಕೇಳಬೇಕು ಅನ್ನುವುದು ಸಣ್ಣ ಆಸೆಯಲ್ಲ. ಆದರೂ ನಾನು ಅಲ್ಲಿನ ಕೋರ್ಟುಗಳ ಪಕ್ಷ. ಕಾನೂನು ಕೊಡುವ ಶಿಕ್ಷೆ ಸ್ವಾತಂತ್ರ್ಯ ಕಿತ್ತುಕೊಳ್ಳುವುದು. ನೋವನ್ನು ಉಳಿಸಿ, ಬೆಳೆಸಿ, ಅದನ್ನು ಶಿಕ್ಷೆಯ ಲೆಕ್ಕಕ್ಕೆ ಜಮಾ ಮಾಡುವ ಅಧಿಕಾರ ಯಾರಿಗೂ ಇಲ್ಲ. ಅದಕ್ಕೆ ಚಿತ್ರಹಿಂಸೆ ಅನ್ನುತ್ತಾರೆ.

ಸ್ವಿಟ್ಜರ್ಲೆಂಡಿನಲ್ಲಿ ಶಿಕ್ಷೆ ಮುಗಿದರೂ ಅಪಾಯಕಾರಿ ಅಂತ ಬಿಡದೆ ಇಟ್ಟುಕೊಂಡಿದ್ದ ಕೈದಿಯೊಬ್ಬ 2018ರಲ್ಲಿ ಸಾಯಲು ನೆರವು ಕೇಳಿದ. ಪ್ರಾಂತಗಳೆಲ್ಲ ಸೇರಿ ಚರ್ಚೆ ಮಾಡಿ, ತಾತ್ವಿಕವಾಗಿ ಕೈದಿಗಳಿಗೂ ಈ ಅವಕಾಶ ಇರಬೇಕು ಅಂದರು. 2023ರಲ್ಲಿ ಅಲ್ಲಿ ಮೊದಲ ಸಲ ಒಬ್ಬ ಕೈದಿಗೆ ಆ ನೆರವು ಸಿಕ್ಕಿತು.

ಕೆನಡಾದ ಅನುಭವ ನಮಗೆ ಹೆಚ್ಚು ಹತ್ತಿರ. 2016ರಲ್ಲಿ ಅಲ್ಲಿ ಕಾನೂನು ಬಂತು, ಕೈದಿಗಳಿಗೂ ಅನ್ವಯವಾಯಿತು. ಅಲ್ಲಿ ಜೈಲುಗಳ ಮೇಲೆ ಕಣ್ಣಿಡಲು ಸರ್ಕಾರದಿಂದ ಸ್ವತಂತ್ರವಾದ ಒಬ್ಬ ತನಿಖಾಧಿಕಾರಿ ಇರುತ್ತಾರೆ. ಆ ಹುದ್ದೆಯಲ್ಲಿದ್ದ ಐವನ್ ಜಿಂಗರ್ 2020ರಲ್ಲಿ ಹೊರಬಂದ ವರದಿಯಲ್ಲಿ ತಮಗೆ ಗೊತ್ತಾದ ಮೂರು ಪ್ರಕರಣಗಳ ಬಗ್ಗೆ ಬರೆದರು. ಅದರಲ್ಲಿ ಒಬ್ಬ ಯಾರಿಗೂ ಹೊಡೆದವನಲ್ಲ, ಬಡಿದವನಲ್ಲ. ಶಿಕ್ಷೆ ಎರಡೇ ವರ್ಷ. ಉಳಿಯದ ಕಾಯಿಲೆ. ಪೆರೋಲ್ ಕೇಳಿದ, ಸಿಗಲಿಲ್ಲ. ದಯಾಮರಣ ಕೇಳಿದ, ಸಿಕ್ಕಿತು. ಮನೆಗೆ ಹೋಗಲು ಅನುಮತಿ ಇಲ್ಲ, ಸಾಯಲು ಅನುಮತಿ ಇದೆ! ಇದಕ್ಕೆ ಆಯ್ಕೆ ಅನ್ನಬಹುದಾ ಅನ್ನುವುದೇ ಜಿಂಗರ್ ಎತ್ತಿದ ಪ್ರಶ್ನೆ. ಜೈಲಿನ ಒಳಗೆ ಇದನ್ನು ಸದ್ಯಕ್ಕೆ ಪೂರ್ತಿ ನಿಲ್ಲಿಸಿ ಅಂತ ಅವರು ಶಿಫಾರಸು ಮಾಡಿದರು. ಕೈದಿ ಸತ್ತರೆ ಜೈಲು ಇಲಾಖೆ ತನಿಖೆ ಮಾಡಬೇಕು ಅನ್ನುವ ನಿಯಮದಿಂದ ಅಲ್ಲಿನ ಕಾನೂನು ಇಂಥ ಸಾವುಗಳನ್ನು ಹೊರಗಿಟ್ಟಿದೆ. ಅಲ್ಲಿಗೆ ನೋಡುವ ಕಣ್ಣೂ ಒಂದು ಕಡಿಮೆಯಾಯಿತು.

ಇಲ್ಲಿ ಡಾಕ್ಟರ ಸ್ಥಿತಿಯನ್ನೂ ಯೋಚಿಸಿ. ಜೈಲಿನ ಡಾಕ್ಟರಿಗೆ ಇಬ್ಬರು ಯಜಮಾನರು. ಸಂಬಳ ಕೊಡುವುದು ಸರ್ಕಾರ, ಸೇವೆ ಮಾಡಬೇಕಾದದ್ದು ರೋಗಿಗೆ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳು ಹೊರಗಿನವರಿಗೆ ಸಿಗುವ ಮಟ್ಟದ ಚಿಕಿತ್ಸೆ ಒಳಗಿನವರಿಗೂ ಸಿಗಬೇಕು ಅನ್ನುತ್ತವೆ. ನಮ್ಮದೇ ರಾಜ್ಯದ ಉದಾಹರಣೆ ಬೇಕಾದರೆ, ಬೆಂಗಳೂರಿನ ಜೈಲಿನಿಂದ ಒಬ್ಬ ಕೈದಿ ಬರೆದ ಪತ್ರವನ್ನೇ ಅರ್ಜಿ ಮಾಡಿಕೊಂಡು ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪು ಕೊಟ್ಟಿತು. ರಾಮಮೂರ್ತಿ ಪ್ರಕರಣ ಅಂತ ಅದರ ಹೆಸರು. ಜೈಲುಗಳ ಒಂಬತ್ತು ದೊಡ್ಡ ಸಮಸ್ಯೆಗಳನ್ನು ಕೋರ್ಟು ಅದರಲ್ಲಿ ಗುರುತಿಸಿತು. ಆರೋಗ್ಯದ ಕಡೆಗಣನೆ ಅದರಲ್ಲಿ ಒಂದು.

ಸರಿ, ನಮ್ಮಲ್ಲಿ ಈಗ ಏನಾಗುತ್ತದೆ? ಶಿವಮೊಗ್ಗ ಹತ್ತಿರದ ಸೋಗಾನೆಯ ಜೈಲಿನಲ್ಲಿರುವ ಒಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗಿ, ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿ ವೆಂಟಿಲೇಟರ್ ಮೇಲೆ ಇದ್ದಾರೆ ಅಂದುಕೊಳ್ಳಿ. ವಾಸಿಯಾಗುವ ಆಸೆ ಇಲ್ಲ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಅಂತ ಹೇಳಿದೆ. 2023ರ ಜನವರಿಯಲ್ಲಿ ಅದರ ವಿಧಾನವನ್ನು ಸುಲಭ ಮಾಡಿತು. ನೋಡುತ್ತಿರುವ ಡಾಕ್ಟರ್ ಜೊತೆ ಐದು ವರ್ಷಕ್ಕೆ ಕಡಿಮೆಯಿಲ್ಲದ ಅನುಭವದ ಇಬ್ಬರು ತಜ್ಞರು ಸೇರಿದ ಒಂದು ಮಂಡಳಿ ಮೊದಲು ಅಭಿಪ್ರಾಯ ಕೊಡಬೇಕು. ಜಿಲ್ಲೆಯ ಆರೋಗ್ಯಾಧಿಕಾರಿ ಹೆಸರಿಸಿದ ಡಾಕ್ಟರ್ ಇರುವ ಎರಡನೇ ಮಂಡಳಿ ಅದನ್ನು ನೋಡಿ ಒಪ್ಪಬೇಕು. ಮನೆಯವರ ಒಪ್ಪಿಗೆ ಬೇಕು. ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಆಮೇಲಷ್ಟೇ ವೆಂಟಿಲೇಟರ್ ತೆಗೆಯಬಹುದು. ಇದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿಯೊಬ್ಬರು ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದರು.

ಪ್ರಜ್ಞೆ ಇರುವಾಗಲೇ ಬರೆದಿಡುವ ಲಿವಿಂಗ್ ವಿಲ್ ಕೂಡ ಇದೆ. ಮುಂದೆ ನನಗೆ ಹೀಗಾದರೆ ಯಂತ್ರ ಹಾಕಬೇಡಿ ಅಂತ ಇಬ್ಬರು ಸಾಕ್ಷಿಗಳ ಮುಂದೆ ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಮಾಡಿಸಬೇಕು. ಇದು ಕೈದಿಗೆ ಇಲ್ಲ ಅಂತ ಕೋರ್ಟು ಎಲ್ಲೂ ಹೇಳಿಲ್ಲ. ಜೈಲಿನ ಗೇಟು ದಾಟಿದ ಮಾತ್ರಕ್ಕೆ ಮೂಲಭೂತ ಹಕ್ಕುಗಳು ಕಳಚಿ ಬೀಳುವುದಿಲ್ಲ ಅನ್ನುವುದು 1978ರ ಸುನಿಲ್ ಬಾತ್ರಾ ತೀರ್ಪಿನಿಂದ ಗಟ್ಟಿಯಾದ ಮಾತು. ಆದ್ದರಿಂದ ಬರೆಯಬಹುದು. ಆದರೆ ಕೈದಿಯ ಹತ್ತಿರ ನೋಟರಿ ಬರಬೇಕು, ಸಾಕ್ಷಿಗಳು ಬರಬೇಕು. ಸಾಕ್ಷಿ ಹಾಕುವವರು ಜೈಲಿನ ಸಿಬ್ಬಂದಿಯೇ ಆದರೆ ಅದು ಎಷ್ಟು ಸ್ವತಂತ್ರ?

ಇಲ್ಲಿ ಅರುಣಾ ಪ್ರಕರಣದ ಒಂದು ಎಳೆ ಮತ್ತೆ ಬರುತ್ತದೆ. ಅರುಣಾ ಪರವಾಗಿ ಮಾತಾಡುವ ಹಕ್ಕು ಯಾರಿಗೆ ಅನ್ನುವ ಪ್ರಶ್ನೆ ಬಂದಾಗ, ಅರ್ಜಿ ಹಾಕಿದವರಿಗಲ್ಲ, ಇಷ್ಟು ವರ್ಷ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಗೆ ಅಂತ ಕೋರ್ಟು ಹೇಳಿತು. ಅಲ್ಲಿ ಅದು ಸರಿಯಾದ ಮಾತು. ಆದರೆ ಮನೆಯವರು ಕೈಬಿಟ್ಟ ಕೈದಿಗೆ ಅದೇ ಸೂತ್ರ ಹಾಕಿದರೆ? "ನೋಡಿಕೊಂಡವರು" ಅಂದರೆ ಜೈಲು. ಬೀಗ ಹಾಕಿದವರೇ ಅವನ ಪರವಾಗಿ "ಸಾಕು, ನಿಲ್ಲಿಸಿ" ಅನ್ನುವ ಹಾಗಾಗುತ್ತದೆ. ಎಷ್ಟೇ ಒಳ್ಳೆಯ ಅಧಿಕಾರಿ ಇರಲಿ, ಇದು ಆಗಬಾರದು. ಕೈದಿಯ ಪರವಾಗಿ ಹೊರಗಿನವರೇ ಒಬ್ಬರು ನಿಲ್ಲಬೇಕು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರು ಆಗಬಹುದು ಅಂತ ನನಗನ್ನಿಸುತ್ತದೆ.

ಇನ್ನೊಂದು ತೊಡಕೂ ಇದೆ. ಜೈಲಿನವರು ಸತ್ತರೆ ಅದು ಕಸ್ಟಡಿ ಸಾವು. ಆಸ್ಪತ್ರೆಯಲ್ಲಿ ಸತ್ತರೂ ಅಷ್ಟೇ. 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ತಿಳಿಸಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು. ಇದು ತುಂಬಾ ಅಗತ್ಯದ ನಿಯಮ, ಒಂದಿಷ್ಟೂ ಸಡಿಲ ಮಾಡಬಾರದು. ಆದರೆ ಇದರ ಭಯಕ್ಕೆ ಯಾವ ಡಾಕ್ಟರೂ ಕೈದಿಯ ವೆಂಟಿಲೇಟರ್ ಮುಟ್ಟಲು ಹೋಗಲಾರರು. ಹೊರಗಿನ ರೋಗಿಗೆ ಸಿಗುವ ಶಾಂತಿಯ ಸಾವು ಕೈದಿಗೆ ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಹೊರಗಿನವರು ಒಬ್ಬರು ಮೊದಲಿಂದ ಜೊತೆಗಿದ್ದು, ಎಲ್ಲವೂ ಬರಹದಲ್ಲಿದ್ದರೆ ಡಾಕ್ಟರಿಗೂ ಧೈರ್ಯ ಬರುತ್ತದೆ.

ಊಟ ಬಿಟ್ಟು ಸಾವಿನ ಕಡೆ ನಡೆಯುವುದು ಬೇರೆಯೇ ಕತೆ. 1929ರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಜತೀಂದ್ರನಾಥ ದಾಸ್ ಲಾಹೋರಿನ ಜೈಲಿನಲ್ಲಿ 63 ದಿನ ಉಪವಾಸವಿದ್ದು ತೀರಿಕೊಂಡರು. ಉಪವಾಸ ಕೂತ ಮಣಿಪುರದ ಇರೋಮ್ ಶರ್ಮಿಳಾಗೆ 16 ವರ್ಷ ಮೂಗಿನ ನಳಿಕೆಯಲ್ಲಿ ಒತ್ತಾಯದಿಂದ ಆಹಾರ ಕೊಟ್ಟರು. ತಿಳಿದು ಬೇಡ ಅನ್ನುವವರಿಗೆ ಹಾಗೆ ಮಾಡಬಾರದು ಅನ್ನುವುದು ವಿಶ್ವ ವೈದ್ಯಕೀಯ ಸಂಘದ ನಿಲುವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆ ಪ್ರಯತ್ನದ ಹಳೆಯ 309ನೇ ಸೆಕ್ಷನ್ ಇಲ್ಲ. ಆದರೆ ಸರ್ಕಾರಿ ನೌಕರರ ಮೇಲೆ ಒತ್ತಡ ತರಲು ಹಾಗೆ ಮಾಡಿದರೆ 226ನೇ ಸೆಕ್ಷನ್ ಪ್ರಕಾರ ಅಪರಾಧ. ಕೈದಿಯ ಉಪವಾಸ ಇದರೊಳಗೆ ಸಿಕ್ಕಿಬೀಳುವುದು ಸುಲಭ.

ಹೊಸನಗರದ ಹೊಂಬುಜಕ್ಕೆ ಹೋದವರು ನಿಷಿಧಿ ಕಲ್ಲುಗಳನ್ನು ನೋಡಿರುತ್ತೀರಿ. ಸಲ್ಲೇಖನದಿಂದ, ಅಂದರೆ ಊಟ ಬಿಡುತ್ತಾ ಬರುವ ಜೈನರ ವ್ರತದಿಂದ, ದೇಹ ಬಿಟ್ಟವರ ನೆನಪಿನ ಕಲ್ಲುಗಳು. ಸಲ್ಲೇಖನ ಅಪರಾಧ ಅಂತ ರಾಜಸ್ಥಾನ ಹೈಕೋರ್ಟು 2015ರ ಆಗಸ್ಟಿನಲ್ಲಿ ಹೇಳಿತ್ತು, ಅದೇ ತಿಂಗಳು ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಸಲ್ಲೇಖನಕ್ಕೆ ಗುರುವಿನ ಒಪ್ಪಿಗೆ ಬೇಕು, ದ್ವೇಷ ಬಿಟ್ಟಿರಬೇಕು, ಸಂಬಂಧಗಳಿಂದ ಸಮಾಧಾನದಿಂದ ಬಿಡಿಸಿಕೊಂಡಿರಬೇಕು. ಅಂದರೆ ಹೋಗುವವರಿಗೆ ಉಳಿಯುವ ದಾರಿಯೂ ತೆರೆದಿರಬೇಕು. ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತದೆ. ಬಾಗಿಲು ತೆರೆದಿರುವಾಗ ಎದ್ದು ಹೋಗುವುದು ಬೇರೆ, ಒಂದೇ ಬಾಗಿಲು ತೆರೆದಿಟ್ಟಾಗ ಅದರಲ್ಲಿ ನುಗ್ಗುವುದು ಬೇರೆ.

ಹಾಗಾದರೆ ಕೈದಿಗೆ ತೆರೆಯಬೇಕಾದ ಬೇರೆ ಬಾಗಿಲುಗಳು ಯಾವುವು? ಅವೇನೂ ಹೊಸದಾಗಿ ಮಾಡಬೇಕಾದದ್ದಲ್ಲ. ಕಾಯಿಲೆಯವರಿಗೆ, ನಿಶ್ಶಕ್ತರಿಗೆ ಬೇಲ್ ಕೊಡಬಹುದು ಅಂತ ಕಾನೂನಿನಲ್ಲೇ ಇದೆ, ಹೊಸ ನಾಗರಿಕ ಸುರಕ್ಷಾ ಸಂಹಿತೆಯ 480ನೇ ಸೆಕ್ಷನ್. ಶಿಕ್ಷೆಯಾದವರಿಗೆ ಪೆರೋಲ್ ಇದೆ. ಶಿಕ್ಷೆ ಕಡಿಮೆ ಮಾಡುವ ಅಧಿಕಾರ ಸಂವಿಧಾನದ 161ನೇ ವಿಧಿಯಲ್ಲಿ ರಾಜ್ಯಪಾಲರಿಗೆ ಇದೆ. ನೋವಿಗೆ ಮಾರ್ಫಿನ್ ಸಿಗುವುದು ಸುಲಭವಾಗಲಿ ಅಂತಲೇ 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿ ತಂದರು. ಆಸ್ಪತ್ರೆಯ ಮಂಚಕ್ಕೆ ಕೈದಿಯನ್ನು ಕಟ್ಟುವಂತಿಲ್ಲ ಅಂತ ಸುಪ್ರೀಂ ಕೋರ್ಟು 1995ರಲ್ಲೇ, ಅಸ್ಸಾಮಿನ ಒಂದು ಪ್ರಕರಣದಲ್ಲಿ, ಕಟುವಾಗಿ ಹೇಳಿದೆ. ಎಲ್ಲ ಇದೆ. ಆದರೂ ನಾನು ಆ ಸರಪಳಿ ನೋಡಿದೆ.

ಆದಿವಾಸಿಗಳ ಪರ ಹೋರಾಡಿದ ಪಾದ್ರಿ ಸ್ಟ್ಯಾನ್ ಸ್ವಾಮಿಯವರನ್ನು ಮರೆತಿಲ್ಲ ತಾನೇ? 2020ರ ಅಕ್ಟೋಬರಿನಲ್ಲಿ ಬಂಧನವಾದಾಗ ಅವರಿಗೆ 83 ವರ್ಷ. ಪಾರ್ಕಿನ್ಸನ್ ಕಾಯಿಲೆಗೆ ಕೈ ನಡುಗಿ ಲೋಟ ಹಿಡಿಯಲು ಆಗುತ್ತಿರಲಿಲ್ಲ. ನೀರು ಕುಡಿಯಲು ಸ್ಟ್ರಾ, ಸಿಪ್ಪರ್ ಬೇಕು ಅಂತ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಆಸ್ಪತ್ರೆಗಿಂತ ಜೈಲಿನಲ್ಲೇ ಸಾಯುತ್ತೇನೆ, ನನ್ನವರ ಜೊತೆ ಇರಲು ಬೇಲ್ ಕೊಡಿ ಅಂದರು. 2021ರ ಜುಲೈ 5ರಂದು, ಬೇಲ್ ಅರ್ಜಿ ಇನ್ನೂ ಬಾಕಿ ಇರುವಾಗಲೇ ತೀರಿಕೊಂಡರು. ಶಿಕ್ಷೆಯಾಗಿರಲಿಲ್ಲ, ವಿಚಾರಣೆಯೂ ಶುರುವಾಗಿರಲಿಲ್ಲ. 2022ರ ಕೊನೆಯ ಲೆಕ್ಕದಲ್ಲಿ ನಮ್ಮ ದೇಶದ ಜೈಲುಗಳಲ್ಲಿದ್ದ ನೂರು ಜನರಲ್ಲಿ ಸುಮಾರು 76 ಜನ ಹೀಗೆ ವಿಚಾರಣಾಧೀನರೇ.

ನನ್ನ ಅಭಿಪ್ರಾಯ ಬಚ್ಚಿಡುವುದಿಲ್ಲ. ಚಿಕಿತ್ಸೆ ಬೇಡ ಅನ್ನುವ ಹಕ್ಕು, ಯಂತ್ರ ತೆಗೆಸುವ ಹಕ್ಕು ನನಗೆ ಎಷ್ಟಿದೆಯೋ ಕೈದಿಗೂ ಅಷ್ಟೇ ಇರಬೇಕು. ಅದರಲ್ಲಿ ಒಂದು ಕೂದಲೂ ಕಡಿಮೆಯಾಗಬಾರದು. ಆದರೆ ನಾಳೆ ನಮ್ಮ ದೇಶವೂ ಇಂಜೆಕ್ಷನ್ನಿಗೆ ಅನುಮತಿ ಕೊಡುವ ಕಾನೂನು ತಂದರೆ, ಕೈದಿಯ ಅರ್ಜಿ ಬಂದ ದಿನವೇ ಮೊದಲು ಇನ್ನೊಂದು ಕಡತ ತೆರೆಯಬೇಕು: ಈ ಮನುಷ್ಯನಿಗೆ ಮಾರ್ಫಿನ್ ಕೊಟ್ಟಿದ್ದಾರಾ, ಮಾನಸಿಕ ಡಾಕ್ಟರ್ ನೋಡಿದ್ದಾರಾ, ಬೇಲೋ ಪೆರೋಲೋ ಕೇಳಿದ್ದನಾ, ಯಾಕೆ ಸಿಗಲಿಲ್ಲ, ಮನೆಯವರು ಬಂದು ಎಷ್ಟು ದಿನವಾಯಿತು. ಅದಕ್ಕೆಲ್ಲ ಉತ್ತರ ಸಿಕ್ಕಿ, ಜೈಲಿಗೂ ಸರ್ಕಾರಕ್ಕೂ ಸಂಬಂಧವಿಲ್ಲದ ಡಾಕ್ಟರುಗಳು ನೋಡಿ, ಆಮೇಲೂ ಅವನು ಅದನ್ನೇ ಕೇಳಿದರೆ, ಆಗ ಅವನ ಮಾತನ್ನು ಅವನ ಮಾತು ಅಂತ ಒಪ್ಪಬಹುದು. ಜೀವಾವಧಿಯ ಬೇಸರ, ಒಂಟಿತನ, ಪಶ್ಚಾತ್ತಾಪ ಇವಷ್ಟೇ ಕಾರಣವಾಗಿದ್ದರೆ ಬೇಕಾದದ್ದು ಇಂಜೆಕ್ಷನ್ ಅಲ್ಲ, ಜೊತೆಗೆ ಕೂತು ಕೇಳುವ ಮನುಷ್ಯ. ಹೊರಗಿರುವ ನಮಗೆ ಅಂಥ ಹೊತ್ತಿನಲ್ಲಿ 14416ಕ್ಕೆ ಫೋನ್ ಮಾಡುವ ಅವಕಾಶವಿದೆ, ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಒಳಗಿರುವವರ ಕೈಯಲ್ಲಿ ಫೋನ್ ಇರುವುದಿಲ್ಲ.

ಪಕ್ಕದ ಮಂಚದವರಿಗೆ ಐದನೇ ದಿನ ಬೇಲ್ ಆಯಿತು. ಆದರೆ ಜಾಮೀನಿಗೆ ಇಬ್ಬರು ಬೇಕಿತ್ತು, ಪಹಣಿ ಇರುವವರು. ಊರಲ್ಲಿ ದಾಯಾದಿಗಳ ಕಡೆಯವರೇ ಜಾಸ್ತಿ, ಯಾರೂ ಮುಂದೆ ಬರಲಿಲ್ಲ. ಅವರ ಹೆಂಡತಿ ಬೆಳಿಗ್ಗೆ ನನ್ನ ಹತ್ತಿರ ಬಂದು, "ನಿಮ್ ಹೆಸ್ರಲ್ಲಿ ಪಹಣಿ ಐತಾ ತಮ್ಮಾ?" ಅಂತ ಕೇಳಿದರು. ಇತ್ತು. ನಾಲ್ಕು ಎಕರೆ ಅಡಿಕೆ ತೋಟದ ಪಹಣಿ ನನ್ನ ಹೆಸರಲ್ಲೇ ಇತ್ತು. "ಮನೇಲಿ ಕೇಳಿ ಹೇಳ್ತೀನಿ ಅಕ್ಕ" ಅಂದೆ. ಮಾರನೇ ದಿನ ದೊಡ್ಡಪ್ಪನಿಗೆ ಡಿಸ್ಚಾರ್ಜ್ ಆಯಿತು. ನಾನು ಹೊರಟುಬಂದೆ.

ಹದಿನೈದು ದಿನ ಕಳೆದ ಮೇಲೆ ಅವರ ಹೆಂಡತಿ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದೆ. ಒಬ್ಬ ರಿಟೈರ್ಡ್ ಮೇಷ್ಟ್ರು, ಇನ್ನೊಬ್ಬರು ಆಕೆಯ ಅಣ್ಣ, ಜಾಮೀನು ಹಾಕಿದ್ದರಂತೆ. ಮನೆಗೆ ಕರೆತಂದಿದ್ದರು. ಜಗಲಿಯಲ್ಲಿ ಒಂಬತ್ತು ದಿನ ಇದ್ದರು ಅಂದರು. ಹಗಲು ಹೊತ್ತು ಪರವಾಗಿರಲಿಲ್ಲ, ಗಂಜಿ ತಿಳಿಗೆ ಅಪ್ಪೆಮಿಡಿ ರಸ ಹಾಕಿಸಿಕೊಂಡು ಎರಡು ಚಮಚ ಕುಡಿಯುತ್ತಿದ್ದರಂತೆ, ಹಟ್ಟಿಯಲ್ಲಿ ಕರು ಕೂಗಿದರೆ ಯಾಕೆ ಅಂತ ಕೇಳುತ್ತಿದ್ದರಂತೆ. ರಾತ್ರಿ ನೋವು ಏರಿದಾಗ ಮಾತ್ರ ಮತ್ತೆ ಇಂಜೆಕ್ಷನ್ನಿನ ಮಾತು. ನೋವಿನ ಮಾತ್ರೆ ಖಾಲಿಯಾಗಿತ್ತು. ತರಬೇಕಂದ್ರೆ ಶಿವಮೊಗ್ಗದ ಬಸ್ಸು ಹತ್ತಬೇಕಿತ್ತು, ಅವರನ್ನು ಬಿಟ್ಟು ಹೋಗಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.